ಐದು ಅಡಿಯ ಕೆಳಗೆ

೨೦೨೩ರ ಜೂನ್ ಹದಿನಾಲ್ಕರಂದು ಕಮಲಾಪುರದ ನಿವೇಶನದಲ್ಲಿ ಹದಿನಾರು ಗುಂಡಿಗಳು ಐದು ಅಡಿಗೆ ಇಳಿದಿದ್ದವು. ಒಂದರಲ್ಲೂ ಬುನಾದಿಗೆ ಬೇಕಾದ ಗಟ್ಟಿ ಜಲ್ಲಿನೆಲ, ಮುರುಮು, ಸಿಕ್ಕಿರಲಿಲ್ಲ. ತಳದವರೆಗೂ ಎರೆಮಣ್ಣೇ ಇತ್ತು. ಗುತ್ತಿಗೆದಾರ ಮಾಣಿಕಪ್ಪ ಮಾಲೀಕ ಬಂಡುರಾವ್ ಅವರಿಗೆ ಫೋನ್ ಮಾಡಿದ. ಎರೆಮಣ್ಣಿನ ಮೇಲೆ ಕಂಬ ನಿಲ್ಲಿಸಿದರೆ ಎರಡು ಮಳೆಗಾಲಕ್ಕೆ ಗೋಡೆ ಬಿರಿಯುತ್ತದೆ, ಇನ್ನೂ ನಾಲ್ಕು ಅಡಿ ಇಳಿಯಬೇಕು ಎಂದ. ಖೂಬಾ ಪ್ಲಾಟ್‌ನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ ಬಂಡುರಾವ್ ಮಾತನ್ನು ಬೆಳೆಸಲಿಲ್ಲ.

"ಮುರುಮು ಸಿಗೋತನಾ ಹೋಗು. ರೊಕ್ಕದ್ದು ಆಮ್ಯಾಲ ನೋಡೋಣ."

ಕರಾರಿನಲ್ಲಿಲ್ಲದ ಯಾವ ಕೆಲಸಕ್ಕೂ, ಅದನ್ನು ಆರಂಭಿಸುವ ಮೊದಲು, ಇಬ್ಬರೂ ಸಹಿ ಮಾಡಿದ ಪತ್ರವಿರಬೇಕೆಂದು ಏಳನೆಯ ಕಲಮು ಹೇಳುತ್ತಿತ್ತು. ಮಾಣಿಕಪ್ಪನಿಗೆ ಅದು ಗೊತ್ತಿತ್ತು. ಆದರೆ ಮೋಡ ಕಟ್ಟಿತ್ತು. ತೆರೆದ ಗುಂಡಿಗೆ ಮಳೆ ನುಗ್ಗಿದರೆ ಎರೆಮಣ್ಣಿನ ಅಂಚು ಕುಸಿದು ಒಳಗಿದ್ದವರನ್ನು ಹೂಳುತ್ತದೆ. ಅವನು ಪತ್ರಕ್ಕೆ ಕಾಯಲಿಲ್ಲ. ಹೆಚ್ಚಿನ ಕಬ್ಬಿಣ, ಸಿಮೆಂಟಿಗಾಗಿ ತನ್ನ ಕಾಂಕ್ರೀಟ್ ಮಿಕ್ಸರನ್ನು ರೋಜಾ ಬಡಾವಣೆಯ ಬಡ್ಡಿ ವ್ಯಾಪಾರಿ ಮಕ್ಸೂದನಲ್ಲಿ ಒತ್ತೆಯಿಟ್ಟು ಒಂದೂವರೆ ಲಕ್ಷ ತಂದ. ಆ ಯಂತ್ರವಿದ್ದುದರಿಂದ ಅವನು ಗುತ್ತಿಗೆದಾರ. ಅದಿಲ್ಲದಿದ್ದರೆ ದಿನಗೂಲಿಯ ಗೌಂಡಿ.

ಒಂಬತ್ತನೆಯ ಅಡಿಗೆ ಮುರುಮು ಸಿಕ್ಕಿತು. ಮನೆ ಮುಗಿಯಿತು. ಹೆಚ್ಚುವರಿ ಕೆಲಸದ ಬಿಲ್ಲು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ. ಬಂಡುರಾವ್ ಅದನ್ನು ಎರಡು ಸಲ ಕೂಡಿ ನೋಡಿದರು, ಲೆಕ್ಕ ಸರಿಯಿದೆ ಎಂದರು, ಏಳನೆಯ ಕಲಮಿನ ಮೇಲೆ ಬೆರಳಿಟ್ಟರು. ಕರಾರಿನಲ್ಲಿದ್ದ ಹಿಂಬದಿಯ ಕಾಂಪೌಂಡ್ ಗೋಡೆ ಬೇಡವೆಂದು ಅವರ ಪತ್ನಿ ಇಂದೂಬಾಯಿ ಹೇಳಿದ್ದೂ ಬಾಯಿಮಾತಿನಲ್ಲೇ. ಆದರೂ ಆ ಗೋಡೆಯ ಅರವತ್ತು ಸಾವಿರವನ್ನು ಕೊನೆಯ ಕಂತಿನಲ್ಲಿ ಮುರಿದುಕೊಂಡಾಗಿತ್ತು. ಅದಕ್ಕೆಲ್ಲಿದೆ ಪತ್ರ ಎಂದು ಮಾಣಿಕಪ್ಪ ಕೇಳಿದ.

"ಕಟ್ಟದ ಗ್ವಾಡಿ ಎಲ್ಲಾರಿಗೂ ಕಾಣ್ತದ," ಎಂದರು ಬಂಡುರಾವ್. "ನಿನ್ನ ನಾಕ ಅಡಿ ಯಾರಿಗಿ ಕಾಣ್ತದ? ಬೇಕಾದ್ರ ಅಗದು ಒಯ್ಯಿ."

ಅಗೆಯುವಾಗ ಟೈಲ್ಸ್ ಒಡೆಯದಂತೆ ನೋಡಿಕೋ ಎಂದು ಇಂದೂಬಾಯಿ ಒಳಗಿನಿಂದ ಸೇರಿಸಿದರು.

ಮಾಣಿಕಪ್ಪನ ಹೆಂಡತಿ ಸಾವಿತ್ರಿಬಾಯಿಯೂ ಅವನನ್ನು ಸಮಾಧಾನಪಡಿಸಲಿಲ್ಲ. "ಮಂದಿ ಮುರುಮಿನ ಮ್ಯಾಲ ಬುನಾದಿ ಹಾಕ್ತಾರ. ನೀ ಬಾಯಿಮಾತಿನ ಮ್ಯಾಲ ಹಾಕಿದಿ," ಎಂದಳು.

ಮರುವರ್ಷ ಆಗಸ್ಟ್ ಮೊದಲ ವಾರ ಆ ಮನೆಯನ್ನು ಕೊಳ್ಳಲು ಅಜಿತ ಎಂಬ ವೈದ್ಯ ಬಂದ. ಪಕ್ಕದ ಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿದ್ದ ಅವನು, ಬುನಾದಿಯ ಆಳವನ್ನು ಕಟ್ಟಿದವನ ಬಾಯಿಂದಲೇ ಕೇಳಬೇಕೆಂದ. ಬಂಡುರಾವ್ ಮಾಣಿಕಪ್ಪನಿಗೆ ಕಾರು ಕಳಿಸಿದರು. ಬಾಕಿಯನ್ನು ಪೂರ್ತಿ ಕೊಡುವುದಾಗಿ ಹೇಳಿದರು. ಮಿಕ್ಸರ್ ಬಿಡಿಸಿಕೊಳ್ಳಲು ಮಕ್ಸೂದ್ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದ. ಈ ಸಲ ಬರೆಸಿಕೊಂಡು ಬಾ ಎಂದು ಸಾವಿತ್ರಿಬಾಯಿ ಬಾಗಿಲಲ್ಲಿ ತಡೆದು ಹೇಳಿದ್ದಳು.

"ಒಂದ ಚೀಟಿ ಬರದು ಕೊಡ್ರಿ, ಸಾಹೇಬ್ರ," ಎಂದ ಮಾಣಿಕಪ್ಪ.

"ಡಾಕ್ಟರ ಹೊರಗ ನಿಂತಾನ. ಚೀಟಿ ನೋಡಿದ್ರ ಮನಿ ಮ್ಯಾಲ ಸಾಲ ಅದ ಅಂದ್ಕೋತಾನ. ನೋಂದಣಿ ಆಗ್ಲಿ, ರೊಕ್ಕ ನಿನ್ನ ಕೈಯಾಗ."

ಮಾಣಿಕಪ್ಪ ವೈದ್ಯನಿಗೆ ಒಂಬತ್ತು ಅಡಿ ಎಂದ. ಫೋನಿನಲ್ಲಿದ್ದ ಹದಿನಾರು ಗುಂಡಿಗಳ ಚಿತ್ರಗಳನ್ನು ತೋರಿಸಿದ. ವೈದ್ಯ ನಂಬಿದ. ಗಟ್ಟಿ ಬುನಾದಿಗೆಂದು ಬಂಡುರಾವ್ ಕೇಳಿದ ಮೂರು ಲಕ್ಷ ಹೆಚ್ಚನ್ನೂ ಕೊಟ್ಟ.

ನೋಂದಣಿಯ ಮರುದಿನ ಮಾಣಿಕಪ್ಪ ಖೂಬಾ ಪ್ಲಾಟ್‌ಗೆ ಹೋದ. ಬಂಡುರಾವ್ ಅವನನ್ನು ಕೂರಿಸಿ ಚಹಾ ಕೊಡಿಸಿದರು.

"ಮನಿ ಈಗ ನಂದಲ್ಲೋ. ಬುನಾದಿನೂ ಅವಂದೇ. ಅವನ್ನ ಕೇಳು."

ಅವನು ವೈದ್ಯನನ್ನೂ ಕೇಳಿದ. ಬುನಾದಿಯ ಹಣವನ್ನು ಆಗಲೇ ಕೊಟ್ಟಿದ್ದೇನೆ ಎಂದು ವೈದ್ಯ ಸೌಜನ್ಯದಿಂದಲೇ ಉತ್ತರಿಸಿದ. ಅದು ನಿಜವಾಗಿತ್ತು.

ತಿಂಗಳು ಮುಗಿದ ದಿನ ಮಕ್ಸೂದ್ ಮಿಕ್ಸರನ್ನು ಮಾರಿದ. ಬಂದ ಹಣಕ್ಕೆ ಅಸಲು ತೀರಿತು. ಬಡ್ಡಿ ಮೂವತ್ತೊಂದು ಸಾವಿರ ಉಳಿಯಿತು. ಮಾಣಿಕಪ್ಪ ಈಗ ಮಹಾಗಾಂವದ ಇನ್ನೊಬ್ಬ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ಹೋಗುತ್ತಾನೆ. ವಾರಕ್ಕೆ ಐನೂರರಂತೆ ಹತ್ತು ವಾರ ಕಟ್ಟಿದ್ದಾನೆ. ಇಪ್ಪತ್ತಾರು ಸಾವಿರ ಬಾಕಿಯಿದೆ.