ಸಮುದ್ರ ಒಂದು ಗೇಣು ಇಳಿದ ದಿನ

ಮಾನಿಕು ಆ ಮೀನನ್ನು ಎಳೆದ ದಿನ ಸಮುದ್ರ ಒಂದು ಗೇಣು ಕೆಳಗಿಳಿದಿತ್ತು. ನಲವತ್ತೊಂದು ವರ್ಷದ ಹಿಂದಿನ ಮಾತು. ಮೀನು ಹೊರಬಂದ ಜಾಗದಲ್ಲಿ ನೀರಿಗೆ ಅಷ್ಟು ದೊಡ್ಡ ಗುಂಡಿ ಬಿದ್ದು, ಅದನ್ನು ತುಂಬಲು ಸುತ್ತಲಿನ ಅಲೆಗಳೆಲ್ಲ ಓಡಿಬಂದು, ಆಚೆ ದ್ವೀಪದ ದೋಣಿಗಳು ನಿಂತಲ್ಲೇ ಮರಳಿಗೆ ಕೂತುಬಿಟ್ಟವು. ಅಲ್ಲಿಯವರು ಮೂರು ದಿನ ರಾಜಧಾನಿ ಮಾಲೆಗೆ ನಡೆದೇ ಹೋಗಿಬಂದರು. ಆ ಮೀನಿನ ತಲೆಯೊಂದನ್ನೇ ಕುದಿಸಿದ ಸಾರನ್ನು ಕೆಂದಿಫುಶಿ ದ್ವೀಪದ ಮುನ್ನೂರು ಜನ ಉಂಡರು, ಮಿಕ್ಕಿದ್ದನ್ನು ಬೆಕ್ಕುಗಳು ನೆಕ್ಕಿದವು, ಆ ಬೆಕ್ಕುಗಳ ಮರಿಮಕ್ಕಳು ಇವತ್ತಿಗೂ ಮಾನಿಕುವಿನ ಮನೆಯ ಮುಂದೆ ಹಾಯುವಾಗ ಬಾಲ ತಗ್ಗಿಸಿ ಮರ್ಯಾದೆ ಕೊಟ್ಟು ಹೋಗುತ್ತವೆ.

ಈ ಕಥೆಯನ್ನು ಮಾನಿಕು ಸಾವಿರ ಸಲವಾದರೂ ಹೇಳಿದ್ದ. ಅದರಲ್ಲಿ ಎಂಟುನೂರು ಸಲ ಹೆಂಡತಿ ನಾಸಿಹಾಳ ಎದುರಿಗೇ. ಆ ಮೀನು ಅವಳಿಗೆಂದೇ ಬಂದದ್ದಲ್ಲವೇ? ಮದುವೆಯಾದ ಮೊದಲ ವರ್ಷ, ಉಪವಾಸದ ತಿಂಗಳು ಹಿಡಿಯುವ ಮುಂಚಿನ ಮಾಹೆಫುನ್ ಊಟಕ್ಕೆ ಊರಿಗೆ ಊರೇ ಜನವಿಲ್ಲದ ಫಿನೋಳು ದ್ವೀಪಕ್ಕೆ ಹೋಗಿದ್ದಾಗ, ಹೊಸ ಗಂಡ ಹೊಸ ಹೆಂಡತಿಗೆ ಕೈಯಾರೆ ಹಿಡಿದು ತಂದ ಮೀನು ಅದು.

ಈ ವರ್ಷ ಮಾಹೆಫುನ್ ಹತ್ತಿರ ಬರುವ ಹೊತ್ತಿಗೆ ನಾಸಿಹಾ ಸರಿಯಾಗಿ ಉಂಡು ಮೂರು ತಿಂಗಳಾಗಿತ್ತು. ತಿರುವನಂತಪುರಕ್ಕೆ ಹೋಗಿ ಹೊಟ್ಟೆ ಕೊಯ್ಸಿಕೊಂಡು ಬಂದವಳು ನಾಲ್ಕು ಚಮಚ ಗಂಜಿ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದಳು. ಗಾಯ ಮಾಗಿದೆ, ಕೆಟ್ಟದ್ದೇನೂ ಉಳಿದಿಲ್ಲ, ಇನ್ನು ಆಕೆ ಉಣ್ಣಬೇಕು, ಉಣ್ಣದಿದ್ದರೆ ನಾವು ಮಾಡಿದ್ದೆಲ್ಲ ವ್ಯರ್ಥ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅಂತ ಬೇರೆಯವರು ಅಂದರೆ ನಡೆದೀತು. ಮಾನಿಕುವಿನ ಲೆಕ್ಕದಲ್ಲಿ ಅದು ಇಡೀ ಹಿಂದೂ ಮಹಾಸಾಗರದಲ್ಲಿ ಕಿವುಚಿದಂತೆ. ಅವಳ ಬಳೆಗಳು ಮೊಣಕೈವರೆಗೂ ಜಾರಿಹೋಗುವುದನ್ನು ಅವನು ನೋಡುತ್ತಿದ್ದ. ಅದೊಂದನ್ನು ಮಾತ್ರ ಅವನು ಹಿಗ್ಗಿಸಿಯೂ ಹೇಳುತ್ತಿರಲಿಲ್ಲ, ಕುಗ್ಗಿಸಿಯೂ ಹೇಳುತ್ತಿರಲಿಲ್ಲ. ಯಾರಿಗೂ ಹೇಳುತ್ತಲೇ ಇರಲಿಲ್ಲ.

ಬದಲಿಗೆ ಅವನು ಯೋಜನೆ ಹಾಕಿದ. ದೂರದೂರದ ದೇಶದವರು ರಜೆ ಕಳೆಯಲು ನಮ್ಮ ದ್ವೀಪಗಳಿಗೆ ಬರುತ್ತಾರೆ. ದ್ವೀಪದವರು ರಜೆಗೆ ಎಲ್ಲಿಗೆ ಹೋಗಬೇಕು? ಇನ್ನೂ ಸಣ್ಣ ದ್ವೀಪಕ್ಕೆ. ಈ ಸಲದ ಮಾಹೆಫುನ್ ಉಸ್ತುವಾರಿ ತನ್ನದು, ಫಿನೋಳುವಿನಲ್ಲಿ ನಾಸಿಹಾ ತಟ್ಟೆ ತುಂಬ ಉಣ್ಣದೆ ದೋಣಿ ವಾಪಸ್ಸು ಹೊರಡುವುದಿಲ್ಲ ಎಂದು ಅವನು ದಡದ ಮರದ ಕೆಳಗೆ, ಹಗ್ಗದ ಜೋಲಿಗಳಲ್ಲಿ ಕಾಲು ಚಾಚಿ ಕೂತ ಊರ ಗಂಡಸರ ಮುಂದೆ ಘೋಷಿಸಿದ.

ಏಳು ದಿನ ಆ ಜೋಲಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಇಳಿದ ಕೂಡಲೇ ಮಸ್ ಹುನಿ: ಬೇಯಿಸಿದ ಟ್ಯೂನಾ, ತುರಿದ ಕಾಯಿ, ಈರುಳ್ಳಿ, ನಿಂಬೆ, ಮೆಣಸಿನಕಾಯಿ ಕೈಯಲ್ಲೇ ಹಿಸುಕಿ, ಬಿಸಿ ರೊಟ್ಟಿಯ ಜೊತೆ. ಹಿಸುಕುವವರು ಯಾರು ಎಂಬುದಕ್ಕೆ ಅರ್ಧ ದಿನ ಜಗಳವಾಯಿತು, ಯಾಕೆಂದರೆ ಕೈರುಚಿ ಎಲ್ಲರದೂ ಒಂದೇ ಅಲ್ಲ. ಆಮೇಲೆ ಗರಿಗರಿಯಾಗಿ ಕರಿದ ದೀವಿಹಲಸು. ಕೇದಗೆ ಹಣ್ಣಿನ ತೆಳು ಬಿಲ್ಲೆಗಳು. ಕಾಯಿಹಾಲಿನಲ್ಲಿ ಬೆಂದ ಸಾಬೂದಾಣಿ, ಮೇಲೆ ತೆಂಗಿನ ನೀರಾ ಕಾಯಿಸಿದ ಪಾಕ. ಆಕ್ಟೋಪಸ್ ಪಲ್ಯ ಬೇಡ, ಅವಳ ಹೊಟ್ಟೆಗೆ ಗಟ್ಟಿ. ಬೇಕು, ಪರಿಮಳಕ್ಕಾದರೂ ಬೇಕು. ಊಟದ ನಂತರ ದೊಡ್ಡ ಡೋಲು. ಬಿಸಿಲು ಇಳಿದ ಮೇಲೆ ಹೆಂಗಸರ ಬಶಿ ಆಟ. ಬೆನ್ನು ತಿರುಗಿಸಿ ನಿಂತು ತಲೆಯ ಮೇಲಿಂದ ಬ್ಯಾಟಿನಲ್ಲಿ ಚೆಂಡು ಹೊಡೆಯುವ ಆ ಆಟದಲ್ಲಿ ನಾಸಿಹಾಳನ್ನು ಮೀರಿಸಿದವರು ಈ ಹವಳದ ದ್ವೀಪಗಳ ಸಾಲಿನಲ್ಲೇ ಇರಲಿಲ್ಲ. ಅವಳು ಹೊಡೆದ ಒಂದು ಚೆಂಡು ಇನ್ನೂ ಕೆಳಗೆ ಬಿದ್ದಿಲ್ಲ ಎಂದು ಮಾನಿಕು ಹೇಳುತ್ತಿದ್ದ.

ಪಟ್ಟಿ ಉದ್ದವಾಗುತ್ತ ಹೋಯಿತು. ಕೊನೆಗೆ ಪಕ್ಕದ ಮನೆಯ ಮರಿಯಂಬು, ನಾಸಿಹಾಳ ತಂಗಿ, ಪೊರಕೆ ಹಿಡಿದುಕೊಂಡೇ ಬಂದು ಭಾವನ ಮುಂದೆ ನಿಂತಳು.

"ಬೇಬೆ, ಇಷ್ಟೆಲ್ಲ ಹೊತ್ಕೊಂಡ್ ಹೋದ್ರೆ ಮುಳುಗೋದು ದೋಣಿ ಅಲ್ಲ, ಫಿನೋಳುನೇ. ಅಕ್ಕನ್ನ ಒಂದ್ಸಲ ಕೇಳಿದ್ದೀರಾ, ಏನು ಬೇಕು ಅಂತ?"

ಕೇಳಿರಲಿಲ್ಲ. ಏಳು ದಿನದಲ್ಲಿ ಅದೊಂದು ಅವನಿಗೆ ಹೊಳೆದಿರಲಿಲ್ಲ.

ಆ ಸಂಜೆ ಪಟ್ಟಿಯನ್ನೆಲ್ಲ ಅವಳ ಮುಂದೆ ಓದಿದ. ನಾಸಿಹಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, ಕೇಳಿಯೇ ಹೊಟ್ಟೆ ತುಂಬಿತು ಎಂದಳು. ಅವನ ಮುಖ ಇಳಿದದ್ದು ಕಣ್ಣು ಮುಚ್ಚಿದ್ದರೂ ಅವಳಿಗೆ ಕಂಡಿರಬೇಕು.

"ಜಾಹಿದನ ಬಾಪ್ಪಾ," ಎಂದಳು. ಮಗನ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು. "ಅವೆಲ್ಲ ಊರೋರು ತಿನ್ಲಿ. ನಂಗೆ ಒಂದೇ ಒಂದು ಬೇಕು. ಆವತ್ತಿನ ಥರ ನೀನೇ ಹಿಡಿದ ಮೀನು. ಬರೀ ಉಪ್ಪು ನೀರಲ್ಲಿ ಕುದಿಸಿದ ಗರುದಿಯ ಸಾರು, ಒಂದು ನಿಂಬೆಹಣ್ಣು. ಅದಾದ್ರೆ ಉಂಡೇನು ಅನ್ಸುತ್ತೆ."

"ಅಷ್ಟೇನಾ?" ಎಂದ ಮಾನಿಕು. "ನಾನು ತಿಮಿಂಗಿಲ ಕೇಳ್ತೀಯ ಅಂದ್ಕೊಂಡಿದ್ದೆ."

ಹೇಳಿದ್ದೇನೋ ಹೇಳಿದ. ಅವನ ಬಲಭುಜ ಎರಡು ವರ್ಷದ ಹಿಂದೆ ದೀವಿಹಲಸಿನ ಮರದಿಂದ ಬಿದ್ದಾಗಲೇ ಹೋಗಿತ್ತು. ಮರದ ಎತ್ತರ ಅವನ ಬಾಯಲ್ಲಿ ವರ್ಷಕ್ಕೆ ಹತ್ತಡಿಯಂತೆ ಬೆಳೆದಿತ್ತು; ಕೈ ಮಾತ್ರ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಚಹಾದ ಕೆಟಲನ್ನು ಎಡಗೈಯಲ್ಲಿ ಎತ್ತುವವನು ಟ್ಯೂನಾ ಎಳೆಯುವುದು ಹೇಗೆ? ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಯಾರೂ ಅವನ ಎದುರು ಆಡುತ್ತಿರಲಿಲ್ಲ.

ಮಾಹೆಫುನ್ ದಿನ ಬೆಳಕು ಹರಿಯುವ ಮುಂಚೆಯೇ ಮಾನಿಕು ತನ್ನ ಪುಟ್ಟ ದೋಣಿ ತಳ್ಳಿಕೊಂಡು, ಒಬ್ಬನೇ, ಹವಳದ ಗೋಡೆಯ ಆಚೆಗೆ ಹೋದ. ಆ ಕಡೆ ಇಲ್ಯಾಸನ ದೊಡ್ಡ ಮೀನು ದೋಣಿಯೂ ಇತ್ತು. ಹದಿನೈದು ಜನ ಸಾಲಾಗಿ ನಿಂತು ಗಾಳ ಕಟ್ಟಿದ ಗಳ ಬೀಸುತ್ತಿದ್ದರು. ಇಲ್ಯಾಸನಿಗೆ ಗಳ ಹಿಡಿಯುವುದನ್ನು ಕಲಿಸಿದವನೇ ಮಾನಿಕು. ಅದಿರಲಿ. ಒಂಟಿ ದೋಣಿಯಲ್ಲಿ, ಒಂದು ಎಳೆ ದಾರದಲ್ಲಿ, ಮಾನಿಕು ಗಾಳ ಬಿಟ್ಟು ಎಳೆದ ನೋಡಿ. ಮೀನು ಅವನನ್ನು ಶ್ರೀಲಂಕಾವರೆಗೆ ಎಳೆದುಕೊಂಡು ಹೋಯಿತು. ಅಲ್ಲಿಂದ ಅವನು ಮೀನನ್ನು ವಾಪಸ್ಸು ಎಳೆದುಕೊಂಡು ಬಂದ. ಬೆಳಗಿನ ಎಂಟು ಗಂಟೆಯೊಳಗೆ ದಡದಲ್ಲಿದ್ದ. ಎಡಗೈಯಲ್ಲಿ ಬಾಲ ಹಿಡಿದು ತೂಗಿಸುತ್ತಿದ್ದ ನೀಲಿ ಬೆನ್ನಿನ ಟ್ಯೂನಾ ಇನ್ನೂ ಮಿಂಚುತ್ತಿತ್ತು. ಎಲ್ಲರೂ ನೋಡಿದರು. ಮರಿಯಂಬು ಕೂಡ ನೋಡಿ, ಯಾಕೋ ಬೇಗ ಆಕಡೆ ತಿರುಗಿ, ಕಾಯಿ ತುರಿಯುವ ಮಣೆಯನ್ನು ದೋಣಿಗೆ ಹಾಕಿದಳು.

ಒಂಬತ್ತಕ್ಕೆ ಇಲ್ಯಾಸನ ದೋಣಿಯಲ್ಲೇ ಎಲ್ಲರೂ ಫಿನೋಳುವಿಗೆ ಹೊರಟರು. ಮಾನಿಕುವಿನ ಪಟ್ಟಿಯಲ್ಲಿದ್ದುದೆಲ್ಲ ಬಂದಿತ್ತು. ಅವನು ಯಾರ ಮನೆಗೂ ಹೋಗಿ ಹೇಳಿರಲಿಲ್ಲ. ಜೋಲಿಯ ಮಾತು ಗಂಡಸರ ಜೊತೆ ಮನೆಮನೆಗೆ ಹೋಗಿ ಅಡುಗೆಯಾಗಿತ್ತು. ಸಾಬೂದಾಣಿ ತಂದವಳು, ತನ್ನ ಮೊದಲ ಬಾಣಂತನದಲ್ಲಿ ನಾಸಿಹಾ ನಲವತ್ತು ದಿನ ಇದನ್ನೇ ಮಾಡಿ ಕೊಟ್ಟಿದ್ದಳು ಅಂದಳು. ಕೇದಗೆ ಹಣ್ಣು ತಂದ ಮುದುಕ ಬುಟ್ಟಿಯನ್ನು ನಾಸಿಹಾಳ ಕಾಲ ಬಳಿ ಇಟ್ಟು ಹೋಗಿ ಮುಂಭಾಗದಲ್ಲಿ ಕೂತ. ಆಕ್ಟೋಪಸ್ ಮೂರು ಮನೆಯಿಂದ ಬಂದಿತ್ತು.

ದ್ವೀಪದಲ್ಲಿ ಒಲೆ ಹೂಡಿದರು. ಮೀನು ಕೊಯ್ಯಲು ಮಾನಿಕು ಚಾಕು ಎತ್ತಿಕೊಂಡಾಗ ನಾಸಿಹಾ ಕೈ ಚಾಚಿದಳು.

"ಇಲ್ಲಿ ಕೊಡು. ನೀನು ಕೊಯ್ದ್ರೆ ಅರ್ಧ ಮಾಂಸ ಮುಳ್ಳಲ್ಲೇ ಉಳಿಯುತ್ತೆ."

ಮೂರು ತಿಂಗಳಿಂದ ಚಮಚ ಹಿಡಿಯಲೂ ಬೇಸರಪಡುತ್ತಿದ್ದವಳು ಚಾಕು ಕೇಳಿದ್ದಳು. ಮಾನಿಕುವಿಗೆ ಸಂತೋಷ ಎಷ್ಟಾಯಿತೆಂದರೆ, ನಲವತ್ತು ವರ್ಷ ಸಮುದ್ರ ಕಂಡ ಮೀನುಗಾರನಿಗೆ ಮೊದಲು ಬರಬೇಕಾದ ಯೋಚನೆಯೇ ಬರಲಿಲ್ಲ. ಚಾಕು ಕೊಟ್ಟುಬಿಟ್ಟ. ಆಮೇಲೆ ಡೋಲಿನವರಿಗೆ ಜಾಗ ತೋರಿಸಲು ಓಡಿದ.

ಅವಳು ನೀರಂಚಿನ ಕಲ್ಲಿನ ಮೇಲೆ ಕೂತು ನಿಧಾನವಾಗಿ ಕೊಯ್ದಳು. ಹೊಟ್ಟೆ ಸೀಳಿದಾಗ ಒಂದು ಕ್ಷಣ ಕೈ ನಿಂತಿತು. ಒಳಗಿದ್ದುದನ್ನು ಬೆರಳಲ್ಲಿ ತೆಗೆದು ಒಂದು ಚಿಪ್ಪಿನಲ್ಲಿ ಹಾಕಿ ಪಕ್ಕಕ್ಕಿಟ್ಟಳು. ಮೀನಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಯಾರಿಗೂ ಏನೂ ಹೇಳದೆ ತುಂಡುಗಳನ್ನು ತೊಳೆದು ಕುದಿಯುವ ನೀರಿಗೆ ಹಾಕಿದಳು, ಉಪ್ಪು ತಾನೇ ನೋಡಿದಳು.

ಊಟಕ್ಕೆ ಕೂತಾಗ ಮಾನಿಕು ತನ್ನ ತಟ್ಟೆ ಮುಟ್ಟಲಿಲ್ಲ. ನಾಸಿಹಾ ಅನ್ನದ ಮೇಲೆ ಗರುದಿಯ ಸುರಿದುಕೊಂಡಳು, ನಿಂಬೆ ಹಿಂಡಿದಳು, ಮೆಣಸಿನಕಾಯಿಯನ್ನು ಬರೀ ಸವರಿ ಪಕ್ಕಕ್ಕಿಟ್ಟಳು. ಮೊದಲ ತುತ್ತು. ಎರಡನೆಯದು. ಐದನೆಯದಕ್ಕೆ ಮರಿಯಂಬು ಎಣಿಸುವುದನ್ನು ಬಿಟ್ಟು ತಲೆಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ತಟ್ಟೆ ಖಾಲಿಯಾಯಿತು. ನಾಸಿಹಾ ಸೌಟಿನ ಕಡೆ ನೋಡಿದಳು. ಹನ್ನೆರಡು ಕೈಗಳು ಒಟ್ಟಿಗೇ ಸೌಟು ಹಿಡಿದವು. ಇದು ಉತ್ಪ್ರೇಕ್ಷೆಯಲ್ಲ. ಬೇಕಾದರೆ ಮೂರು ಎಂದಿಟ್ಟುಕೊಳ್ಳಿ.

ಎರಡನೇ ತಟ್ಟೆಯೂ ಮುಗಿದ ಮೇಲೆ ಮಾನಿಕು ಬಾಯಿ ಬಿಟ್ಟ. ಒಂಟಿ ದೋಣಿ, ಒಂದೆಳೆ ದಾರ, ಶ್ರೀಲಂಕಾ. ಕಥೆ ಇನ್ನೂ ಲಂಕೆಯ ದಡ ಮುಟ್ಟಿರಲಿಲ್ಲ, ನಾಸಿಹಾ ಚಿಪ್ಪನ್ನು ತಂದು ಅವನ ಮುಂದೆ ಇಟ್ಟಳು. ಅದರಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳು, ಹತ್ತು ಹನ್ನೆರಡು, ಇನ್ನೂ ಕರಗದೆ ಇಡಿಇಡಿಯಾಗಿ.

"ಇದರ ಹೊಟ್ಟೇಲಿ ಸಿಕ್ಕಿದ್ದು. ಎರೆ ಮೀನು. ಟ್ಯೂನಾ ಹತ್ರ ಬರ್ಲಿ ಅಂತ ದೊಡ್ಡ ದೋಣಿಯೋರು ನೀರಿಗೆ ಚೆಲ್ಲೋದು. ನಿನ್ನ ಪುಟ್ಟ ದೋಣೀಲಿ ಇಷ್ಟು ಜೀವಂತ ಎರೆ ಎಲ್ಲಿಟ್ಕೊಂಡಿದ್ದೆ, ಜಾಹಿದನ ಬಾಪ್ಪಾ? ಟೊಪ್ಪಿಗೇಲಾ?"

ಮಾನಿಕು ಚಿಪ್ಪನ್ನು ನೋಡಿದ.

"ತುಟೀಲಿ ತೂತು ನೋಡಿದ್ಯಾ? ನಿನ್ನ ದಾರದ ಗಾಳಕ್ಕೆ ಮುಳ್ಳಿರುತ್ತೆ, ಹರಿದುಹಾಕುತ್ತೆ. ಇದು ಸೂಜೀಲಿ ಚುಚ್ಚಿದ ಹಾಗಿದೆ. ಮುಳ್ಳಿಲ್ಲದ ಗಳದ ಗಾಳ."

ಡೋಲಿನವರು ಡೋಲಿನ ಹಗ್ಗ ಬಿಗಿಯುವುದರಲ್ಲಿ ಮುಳುಗಿದರು. ಇಲ್ಯಾಸ್ ತಟ್ಟೆಯಲ್ಲಿದ್ದ ಒಂದೇ ಒಂದು ಅನ್ನದ ಅಗುಳನ್ನು ಬಹಳ ಹೊತ್ತು ಹುಡುಕಿದ. ಕೊನೆಗೆ, ಮಾನಿಕು ಅಣ್ಣನ ತಪ್ಪಲ್ಲ, ಆಚೆ ನೀರಲ್ಲಿ ಸಿಕ್ಕಾಗ ತಾನೇ ಬಲವಂತ ಮಾಡಿ ದೋಣಿಗೆ ಎಸೆದದ್ದು ಎಂದ. ಆ ಕೈಯಿಂದ ಕಲಿತದ್ದು ತಾನೆ, ಹಾಗಾಗಿ ಮೀನೂ ಆ ಕೈಯದೇ ಅಂತ ಲೆಕ್ಕ ಎಂದ.

"ಕೊಯ್ಯೋವಾಗ್ಲೇ ಗೊತ್ತಾಯ್ತು," ಎಂದಳು ನಾಸಿಹಾ. ಅವಳ ದನಿಯಲ್ಲಿ ಕೋಪವಿರಲಿಲ್ಲ. "ಈ ಕೈ ಇಟ್ಕೊಂಡು ಕತ್ತಲಲ್ಲಿ ಸಮುದ್ರಕ್ಕೆ ಹೋಗಿದ್ನಲ್ಲ, ಅಂತ ಅನ್ನಿಸ್ತು. ಇಷ್ಟು ಜನ ಸೇರಿ ನಂಗೆ ಒಂದು ತುತ್ತು ಉಣ್ಸೋಕೆ ಸುಳ್ಳು ಹೇಳ್ತಿದ್ದಾರಲ್ಲ, ಅಂತಾನೂ. ಆಮೇಲೆ ಹಸಿವಾಯ್ತು. ನಿಜವಾಗ್ಲೂ."

ಉಪವಾಸ ಹಿಡಿಯುವ ಮುಂಚೆ ಒಬ್ಬರ ಹತ್ತಿರ ಒಬ್ಬರು ಮಾಫಿ ಕೇಳಿ ಮನಸ್ಸು ತೊಳೆದುಕೊಳ್ಳುವುದು ಊರಿನ ರೂಢಿ. ಪ್ರತಿ ವರ್ಷ ಮಾನಿಕು, ತಪ್ಪು ಮಾಡಿದವರು ತಾನೇ ಕೇಳಬೇಕಾದ್ದು ಎಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದ. ಈ ಸಲ ಅವಳ ಪಕ್ಕಕ್ಕೆ ಸರಿದು, ಮರಳ ಮೇಲೆ ಕೂತು, ಮಾಫಿ ಮಾಡು ಎಂದ.

"ಮಾಡಿದೆ. ಇವತ್ತಿಂದಕ್ಕೆ."

"ಇವತ್ತಿಂದು ಬಿಡು," ಎಂದ. "ಆವತ್ತಿನ ಮೀನೂ ನಂದಲ್ಲ."

ನಾಸಿಹಾ ಅವನ ಕಡೆ ತಿರುಗಿದಳು. ಇದು ಅವಳಿಗೆ ಗೊತ್ತಿರಲಿಲ್ಲ.

ಆಗ ಮಾನಿಕು ಹೇಳಿದ, ಈ ಸಲ ಸಣ್ಣ ದನಿಯಲ್ಲಿ. ಆವತ್ತು ಅವನು ದೊಡ್ಡ ದೋಣಿ ಹತ್ತಿ ಎರಡನೇ ದಿನ. ಬೆಳಗಿಂದ ಮಧ್ಯಾಹ್ನದವರೆಗೆ ದೋಣಿಯಂಚಿಗೆ ಆತುಕೊಂಡು ವಾಂತಿ ಮಾಡಿದ್ದ. ಗಳಕ್ಕೆ ಸಿಕ್ಕ ಒಂದೇ ಮೀನು ದೋಣಿಯೊಳಗೆ ಬೀಳುವ ಮುಂಚೆ ಕಳಚಿಹೋಗಿತ್ತು. ದೋಣಿಯ ಯಜಮಾನ ಅವಳ ಅಪ್ಪ. ಫಿನೋಳು ದಡಕ್ಕೆ ಇಳಿಯುವಾಗ ಆತ ತನ್ನ ಪಾಲಿನ ಮೀನೊಂದನ್ನು ಅಳಿಯನ ಕೈಗೆ ತುರುಕಿ, ನಾನು ಕೊಟ್ಟೆ ಅಂತ ಬಾಯಿಬಿಡಬೇಡ, ನನ್ನ ಮಗಳು ಗಂಡನ ಕೈಯ ಮೀನು ಅಂತಲೇ ಉಣ್ಣಲಿ ಎಂದಿದ್ದ. ಆತ ಸತ್ತು ಇಪ್ಪತ್ತು ವರ್ಷವಾಗಿತ್ತು. ಒಂದು ದಿನವೂ ಅಳಿಯನನ್ನು ಬಿಟ್ಟುಕೊಟ್ಟಿರಲಿಲ್ಲ. ಅಳಿಯ ಕಥೆ ಹೇಳುವಾಗಲೆಲ್ಲ ಪಕ್ಕದಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

ನಾಸಿಹಾ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡು ನಗತೊಡಗಿದಳು.

"ಎಷ್ಟಿತ್ತು ಆ ಮೀನು? ನಿಜ ಹೇಳು."

ಮಾನಿಕು ಎಡಗೈ ಚಾಚಿ ಮೊಣಕೈಯವರೆಗೆ ತೋರಿಸಿದ. ಸ್ವಲ್ಪ ಯೋಚಿಸಿ, ಅದಕ್ಕಿಂತ ಎರಡು ಬೆರಳು ಕಡಿಮೆ ಮಾಡಿದ.

"ಮತ್ತೆ ಸಮುದ್ರ ಒಂದು ಗೇಣು ಇಳಿದದ್ದು?"

"ಅದು ಮಾತ್ರ ನಿಜ," ಎಂದ ಮಾನಿಕು. "ಇಳಿತದ ಹೊತ್ತಾಗಿತ್ತು. ದಿನಾ ಇಳಿಯುತ್ತೆ."