ಹೌ ಆರ್ ಯೂ ಅಂದರೆ

ಕೊರಿಯಾದ ತೊಂಗ್ಯೋಂಗ್ ಬಂದರಿನಲ್ಲಿ ಚಿಪ್ಪೊಡೆದು ಸಿಂಪಿ ಬಿಡಿಸಿ ಮಾರುವ ಮಾಲ್ಸುನ್ ತನ್ನ ಮಹಡಿ ಕೋಣೆಯನ್ನು ಪರದೇಶದ ಇಂಗ್ಲಿಷ್ ಮೇಷ್ಟ್ರೊಬ್ಬನಿಗೆ ಬಾಡಿಗೆ ಕೊಟ್ಟಿದ್ದಳು. ಅವನು ದಿನಾ ಮೆಟ್ಟಿಲಿಳಿಯುತ್ತಾ "ಹೌ ಆರ್ ಯೂ?" ಅನ್ನುತ್ತಿದ್ದ, ಉತ್ತರಕ್ಕೂ ನಿಲ್ಲುತ್ತಿರಲಿಲ್ಲ. ಅದು ಆರೋಗ್ಯ ವಿಚಾರಿಸುವ ಮಾತೆಂದು ನಿಘಂಟಿನಲ್ಲಿ ನೋಡಿದ ಮೇಲೆ ಅವಳಿಗೆ ಗುಮಾನಿ ಹತ್ತಿತು. ಎದೆಯಲ್ಲಿ ಗಂಟಿದೆ ಎಂದು ಡಾಕ್ಟರು ಹೇಳಿದ್ದನ್ನು ಅವಳು ಯಾರಿಗೂ ತಿಳಿಸಿರಲಿಲ್ಲ. ಇವನು ಆಸ್ಪತ್ರೆ ಚೀಟಿ ಕದ್ದು ಓದಿದನೇ? ಅವಳು ಚೀಟಿಯನ್ನು ಅಕ್ಕಿ ಡಬ್ಬಕ್ಕೆ ತುರುಕಿದಳು. ಆದರೂ ಅವನು ಕೇಳುವುದನ್ನು ಬಿಡಲಿಲ್ಲ.

ಮಗಳು ಗ್ಯೊಂಗೋಕ್ ಬಂದಾಗ ಮಾಲ್ಸುನ್ ಸಿಡುಕಿದಳು: "ನನ್ನ ಗಂಟಿನ ಸುದ್ದಿ ಆ ಮೇಷ್ಟ್ರಿಗೆ ಹೇಗೇ ಗೊತ್ತಾಯ್ತು? ದಿನಾ ಹೇಗಿದ್ದೀರಿ ಅಂತ ಕೆದಕ್ತಾನೆ!"

"ಅಯ್ಯೋ ಅಮ್ಮಾ, ಅದು ಸುಮ್ನೆ ಮಾತಿಗೆ ಅನ್ನೋದು. ನೀನು ದಾರೀಲಿ ಸಿಕ್ಕೋರಿಗೆಲ್ಲ ಊಟ ಆಯ್ತಾ ಅನ್ನಲ್ವಾ?" ಎಂದು ನಕ್ಕ ಮಗಳು ತಟ್ಟನೆ ನಗು ನಿಲ್ಲಿಸಿದಳು. "ಯಾವ ಗಂಟು?"

ಮಾಲ್ಸುನ್ ಅಕ್ಕಿ ಡಬ್ಬದಿಂದ ಚೀಟಿ ತೆಗೆದು ಮಗಳ ಕೈಗಿಟ್ಟಳು. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋಗಿ ಗಂಟು ತೆಗೆಸಲು ದಿನ ಗೊತ್ತುಮಾಡಿ ಬಂದರು.