ಮದ್ದಿನ ಮನೆಯ ಗೋಡೆ

ದಂಡಿನ ಆವರಣದಲ್ಲಿ ಎಲ್ಲಕ್ಕಿಂತ ಹಳೆಯ ಕಟ್ಟಡ, ಹಿಂದೆ ಮದ್ದುಗುಂಡು ಇಡುತ್ತಿದ್ದ ಮದ್ದಿನ ಮನೆ. ಗಡಿಗೆ ಹೊರಡುವ ಸಿಪಾಯಿಗಳು ಅದರ ಗಾರೆ ಗೋಡೆಯ ಮೇಲೆ ತಮ್ಮ ಸಂಖ್ಯೆ ಕೆತ್ತುತ್ತಾರೆ. ಮರಳಿ ಬಂದವರು ಅದಕ್ಕೆ ಅಡ್ಡಗೀಟು ಎಳೆಯುತ್ತಾರೆ. ಗೀಟಿಲ್ಲದ ಸಂಖ್ಯೆಗಳು ಬಾರದವರವು.

ಈ ವರ್ಷ ಗೀಟು ಬಿದ್ದವಕ್ಕೆ ಸುಣ್ಣ ಬಳಿದು, ಉಳಿದವನ್ನು ಹಾಗೇ ಬಿಡಬೇಕೆಂದು ಆದೇಶವಾಯಿತು. ಇತಿಹಾಸ ಓದಿದವಳೆಂದು ಬಂದವರ, ಬಾರದವರ ಪಟ್ಟಿ ಮಾಡುವ ಕೆಲಸ ನನಗೆ ಬಂತು. ನನ್ನ ಗಂಡನ ಸಂಖ್ಯೆಯೂ ಅಲ್ಲೆಲ್ಲೋ ಇತ್ತು. ಗಡಿಯಿಂದ ಬಂದ ಅವನ ಶವದ ಪೆಟ್ಟಿಗೆ ತೆರೆಯಬಾರದು ಎಂದಿದ್ದರು. ಅವನು ಬಂದದ್ದನ್ನು ನಾನು ನೋಡಿಲ್ಲ.

ಎರಡು ಸಾಲು ಬರೆಯುತ್ತಿದ್ದೆ, ಹೊರಗೆ ಹೋಗುತ್ತಿದ್ದೆ, ಮತ್ತೆ ಒಳಗೆ ಬರುತ್ತಿದ್ದೆ.

"ಹಿಂಗೆ ಶತಪಥ ಹಾಕಿದ್ರೆ ನೆಲ ಸವೆದೀತು, ಅಮ್ಮಾ. ಆಮೇಲೆ ಅದಕ್ಕೂ ನನ್ನನ್ನೇ ಕರೀತಾರೆ" ಎಂದ ಸುಣ್ಣದ ಮೇಸ್ತ್ರಿ.

ನಾಲ್ಕನೆಯ ದಿನ ನನ್ನ ಗಂಡನ ಸಂಖ್ಯೆ ಸಿಕ್ಕಿತು. ಅದರ ಮೇಲೆ ಗೀಟಿತ್ತು. ಹೊಸದು, ಅಂಕುಡೊಂಕಾದದ್ದು.

ಮಧ್ಯಾಹ್ನ ಅತ್ತೆ ಊಟ ತಂದಾಗ ತೋರಿಸಿದೆ. "ಇದನ್ನ ಯಾರು ಎಳೆದ್ರು?"

"ನಾನೇ. ಬೀಗದ ಕೈಯಲ್ಲಿ."

"ಅದು ಬಂದವರಿಗೆ ಮಾತ್ರ, ಅತ್ತೆ."

"ಬಂದ್ನಲ್ಲಮ್ಮಾ. ಪೆಟ್ಟಿಗೆ ಇಳಿಸೋವಾಗ ನಾನೂ ಕೈ ಕೊಟ್ಟೆ. ಹೆತ್ತವಳಿಗೆ ಅವನ ಭಾರ ಗೊತ್ತಾಗಲ್ವಾ?"

"ಈಗ ಸುಣ್ಣ ಬಳೀತಾರೆ. ಅವನದು ಕಾಣೋದೇ ಇಲ್ಲ."

"ಕಾಣದಿದ್ರೆ ಬೇಡ. ಬಾರದವರ ಸಾಲಲ್ಲಿ ಅವನನ್ನ ಎಷ್ಟು ದಿನ ನಿಲ್ಲಿಸ್ತೀಯ?"

ಅತ್ತೆ ಊಟದ ಡಬ್ಬಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದರು. ಮೇಸ್ತ್ರಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ: "ಒಂದು ಚಿಟಿಕೆ ಗಾರೆ ಮೆತ್ತಿದ್ರೆ ಗೀಟು ಮುಚ್ಚೋಗುತ್ತೆ. ಯಾರಿಗೂ ತಿಳಿಯಲ್ಲ. ಹೇಳಿ, ಗಾರೆಯೋ, ಸುಣ್ಣವೋ?"

ಹೊರಗೆ ಹೋದೆ. ಕವಾಯತು ಮೈದಾನದ ಅಂಚಿನವರೆಗೆ ನಡೆದು ಹಿಂತಿರುಗಿದೆ. ಇನ್ನೊಮ್ಮೆ ಹೋದೆ. ಮೇಸ್ತ್ರಿ ಗಾರೆ ಮೆತ್ತುವ ಕರಣೆ ಹಿಡಿದು ಕಾಯುತ್ತಲೇ ಇದ್ದ. ಅತ್ತೆ ನನ್ನ ಕಡೆ ನೋಡಲಿಲ್ಲ.

ಬಂದವರ ಪಟ್ಟಿಯಲ್ಲಿ ಗಂಡನ ಸಂಖ್ಯೆ ಬರೆದೆ.

"ಸುಣ್ಣ" ಎಂದೆ.

ಮೇಸ್ತ್ರಿ ಎರಡು ಸಲ ಕುಂಚ ಎಳೆದ. ಸಂಖ್ಯೆ ಇನ್ನೂ ಕಾಣುತ್ತಿತ್ತು.

"ಹಸಿ ಸುಣ್ಣ ಹಂಗೇ, ಅಮ್ಮಾ. ಒಣಗ್ತಾ ಒಣಗ್ತಾ ಬೆಳ್ಳಗಾಗುತ್ತೆ."

"ಬಾ, ಕೂತ್ಕೋ. ತಣ್ಣಗಾಯ್ತು" ಎಂದರು ಅತ್ತೆ.

ಕೂರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು, ಗೋಡೆಯ ಮುಂದೆ ನಿಂತೇ ಉಂಡೆ. ಮೊದಲು ಗೀಟು ಹೋಯಿತು. ಅಂಕಿಗಳು ಒಂದೊಂದಾಗಿ ಆಮೇಲೆ.